ರೇಡಿಯೇಟರ್ ನೀರಲ್ಲಿ ಆಯಿಲ್ ಕಂಡರೆ ಹೆಡ್ ಇಳಿಸಲೇಬೇಕಾ?

"ಅಣ್ಣಾ, ರೇಡಿಯೇಟರ್ ಕ್ಯಾಪ್ ತೆಗೆದ್ರೆ ಒಳಗೆ ಕಂದು ಗಸಿ ಕೂತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಾರೆ. ಇಳಿಸಿಬಿಡ್ಲಾ?"

ಕೋಲಾರದ ಟೊಮೆಟೊ ಮಾರ್ಕೆಟ್ಟಿನಿಂದ ಲೋಡು ಹೊಡೆಯುವ ಹಳೇ ಲಾರಿಗಳ ಓನರ್‌ಗಳಲ್ಲಿ ವಾರಕ್ಕೆ ಒಬ್ಬರಾದರೂ ನನ್ನನ್ನು ಇದನ್ನು ಕೇಳುತ್ತಾರೆ. ಹೆಡ್ ಅಂದರೆ ಎಂಜಿನ್ ಬ್ಲಾಕಿನ ಮೇಲೆ ಕೂರುವ ಮುಚ್ಚಳ, ಗ್ಯಾಸ್ಕೆಟ್ ಅಂದರೆ ಅವೆರಡರ ನಡುವೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಪದರ. ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು: ಇವತ್ತು ಸ್ಪ್ಯಾನರ್ ಮುಟ್ಟಬೇಡಿ. ಒಂದು ರಾತ್ರಿ ಗಾಡಿ ನಿಲ್ಲಲಿ. ಆಯಿಲ್ ನೀರಿಗೋ, ನೀರು ಆಯಿಲಿಗೋ, ಯಾವುದು ಯಾವುದರೊಳಗೆ ಹೋಗುತ್ತಿದೆ ಅಂತ ಗೊತ್ತಾಗುವ ತನಕ ಹೆಡ್ ಬಿಚ್ಚಬೇಡಿ.

ಇಷ್ಟು ಹಟ ಹಿಡಿದು ಹೇಳುವುದಕ್ಕೆ ಕಾರಣ ನಮ್ಮಪ್ಪನ ಲಾರಿ. ಹನ್ನೆರಡು ವರ್ಷದ ಹಿಂದೆ, ಸೀಸನ್ ಜೋರಾಗಿದ್ದಾಗ, ಚೆನ್ನೈನ ಕೋಯಂಬೇಡಿನಲ್ಲಿ ಲೋಡು ಇಳಿಸಿ ವಾಪಸ್ ಬರುವಾಗ ಮೊಗಿಲಿ ಘಾಟ್ ಹತ್ತುತ್ತಾ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಗಾಡಿ ಆರಿದ ಮೇಲೆ ಕ್ಯಾಪ್ ತೆಗೆದರೆ ನೀರಿನ ಮೇಲೆ ಆಯಿಲ್. ಒಂದು ವರ್ಕ್‌ಶಾಪಿನವರು ಅಷ್ಟು ಕೇಳಿದ್ದೇ ತಡ, ಹೆಡ್ ಇಳಿಸಿದರು. ಹೆಡ್ಡಿನ ತಳ ಸಮ ಮಾಡುವ ಫೇಸಿಂಗ್ ಆಯಿತು, ಹೊಸ ಗ್ಯಾಸ್ಕೆಟ್ ಬಿತ್ತು, ಜೊತೆಗೆ ವಾಲ್ವ್ ಕೆಲಸವೂ ಆಯಿತು. ಹನ್ನೊಂದು ದಿನ ಗಾಡಿ ನಿಂತಿತು. ಹನ್ನೆರಡನೇ ದಿನ ಲೋಡು ಹೊತ್ತು ಹೊರಟರೆ ಮುಳಬಾಗಿಲು ದಾಟುವಷ್ಟರಲ್ಲಿ ನೀರಿನಲ್ಲಿ ಮತ್ತೆ ಆಯಿಲ್. ಕೊನೆಗೆ ತೂತು ಸಿಕ್ಕಿದ್ದು ಎಂಜಿನ್ ಆಯಿಲನ್ನು ರೇಡಿಯೇಟರ್ ನೀರಿನಿಂದಲೇ ತಣಿಸುವ ಆಯಿಲ್ ಕೂಲರಿನಲ್ಲಿ. ಕೂಲರಿನ ಬಾಯಿಗಳನ್ನು ಮುಚ್ಚಿ, ಗಾಳಿ ಕೊಟ್ಟು, ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ಒಂದು ಮೂಲೆಯಿಂದ ದಾರ ಎಳೆದ ಹಾಗೆ ಸಣ್ಣ ಗುಳ್ಳೆಗಳು ಎದ್ದವು. ಅಪ್ಪ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಗುಳ್ಳೆಗಳನ್ನೇ ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಆ ತಿಂಗಳ ಕಂತಿಗೆ ಅಮ್ಮನ ಬಳೆ ಹೋದವು.

ಅದಕ್ಕೇ ಮೊದಲು ಆ ಗಸಿ ನಿಜಕ್ಕೂ ಆಯಿಲಾ ಅಂತ ನೋಡಿ. ಎಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರ್ ನೀರನ್ನು ಒಂದು ಖಾಲಿ ಬಾಟಲಿಗೆ ತುಂಬಿ, ಅಲುಗಾಡದ ಕಡೆ ಬೆಳಗಿನ ತನಕ ಇಡಿ. ಆಯಿಲ್ ಆದರೆ ಮೇಲೆ ಪದರ ಕಟ್ಟುತ್ತದೆ. ತುಕ್ಕಾದರೆ ಇಟ್ಟಿಗೆ ಪುಡಿಯ ಹಾಗೆ ತಳ ಸೇರುತ್ತದೆ, ಬೆರಳಲ್ಲಿ ಉಜ್ಜಿದರೆ ಗರಗರ ಅನ್ನುತ್ತದೆ. ನಮ್ಮ ಜಿಲ್ಲೆಯ ಬೋರ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಹೊಯ್ದ ಎಂಜಿನ್ನಿನ ಒಳಗೆ ತುಕ್ಕು, ಸುಣ್ಣ ಎರಡೂ ಕಟ್ಟಿರುತ್ತವೆ. ದಾರಿಯಲ್ಲಿ ರೇಡಿಯೇಟರ್ ಸೋರಿದಾಗ ಅರಿಶಿನ ಪುಡಿ ಸುರಿಯುವ ಅಭ್ಯಾಸವೂ ನಮ್ಮವರಿಗಿದೆ, ಅದೂ ಗಸಿಯಾಗಿ ಕೂರುತ್ತದೆ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆತರೆ ಕೆಲವು ಸಲ ಲೋಳೆ ಕಟ್ಟುತ್ತದೆ. ಇನ್ನು ತುಕ್ಕು ಹಿಡಿಯಬಾರದೆಂದು ಹಳೇ ಡ್ರೈವರ್‌ಗಳು ನೀರಿನಲ್ಲಿ ಬೆರೆಯುವ ಸಾಲ್ಯುಬಲ್ ಆಯಿಲ್ ಹಾಕುತ್ತಿದ್ದರು, ಆ ನೀರು ಹಾಲಿನ ಹಾಗೇ ಇರುತ್ತದೆ. ಆದ್ದರಿಂದ ಗಾಡಿ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಹಿಂದಿನ ಓನರ್‌ಗೆ ಒಂದು ಫೋನ್ ಮಾಡಿ ಕೇಳಿ.

ಬಾಟಲಿಯಲ್ಲಿ ಆಯಿಲ್ ತೇಲಿತು ಅಂದುಕೊಳ್ಳಿ. ಆಗ ಪ್ರೆಶರ್ ಲೆಕ್ಕ ಹಾಕಬೇಕು. ಓಡುವ ಎಂಜಿನ್ನಿನಲ್ಲಿ ಆಯಿಲ್ ಪ್ರೆಶರ್ ಸಾಮಾನ್ಯವಾಗಿ 40ರಿಂದ 60 ಪಿಎಸ್‌ಐ. ರೇಡಿಯೇಟರ್ ಕ್ಯಾಪ್ ತಡೆಯುವುದು ಸುಮಾರು 7ರಿಂದ 15. ಇವೆರಡನ್ನೂ ಬೇರೆ ಮಾಡುವ ಗೋಡೆ ಕೂಲರಿನಲ್ಲಿ ತೂತಾದರೆ ಜೋರಿರುವ ಆಯಿಲ್ ನೀರಿಗೆ ನುಗ್ಗುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ಆಯಿಲ್ ಪ್ರೆಶರ್ ಸೊನ್ನೆ, ಬಿಸಿ ನೀರಿನ ಪ್ರೆಶರ್ ಮಾತ್ರ ಇನ್ನೂ ಇರುತ್ತದೆ, ಆಗ ನೀರು ಹಿಂದಕ್ಕೆ ಆಯಿಲಿಗೆ ಇಳಿಯಬಹುದು. ಗ್ಯಾಸ್ಕೆಟ್ಟಿನಲ್ಲಿ ಆಯಿಲ್ ದಾರಿ ಇರುವ ಕಡೆ ಕಿತ್ತರೂ ಹೀಗಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಕೂಲರ್ ಬಿಚ್ಚಿ ಪರೀಕ್ಷೆ ಮಾಡುವುದು ಹೆಡ್ ಇಳಿಸುವುದಕ್ಕಿಂತ ಎಷ್ಟೋ ಸಣ್ಣ ಕೆಲಸ. ಮೊದಲು ಅದನ್ನೇ ಮಾಡಿ.

ಆಯಿಲ್ ಒಳಗೆ ನೀರು ಬಂದಿದ್ದರೆ ದಾರಿ ಬೇರೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮೊದಲು, ಎಂಜಿನ್ ತಳದ ಆಯಿಲ್ ಚೇಂಬರಿನ ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳದಲ್ಲಿರುತ್ತದೆ, ಮೊದಲು ಅದೇ ತೊಟ್ಟಿಕ್ಕುತ್ತದೆ. ಅನುಮಾನ ಇದ್ದರೆ ಒಂದು ಹನಿ ಆಯಿಲನ್ನು ಕಾದ ತಗಡಿನ ಮೇಲೆ ಬಿಡಿ. ನೀರಿದ್ದರೆ ಒಗ್ಗರಣೆ ಹಾಗೆ ಚಟಪಟ ಅನ್ನುತ್ತದೆ. ವೆಟ್ ಲೈನರ್ ಎಂಜಿನ್, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ (ಲೈನರ್) ಹೊರಮೈಗೆ ನೀರು ನೇರವಾಗಿ ತಾಗುವ ಎಂಜಿನ್ ಆಗಿದ್ದು, ಆಯಿಲ್ ಮಾತ್ರ ಕೆಟ್ಟು ರೇಡಿಯೇಟರ್ ನೀರು ಶುದ್ಧವಾಗಿದ್ದರೆ ನನಗೆ ಮೊದಲು ಅನುಮಾನ ಬರುವುದು ಲೈನರಿನ ಕೆಳಗಿನ ರಬ್ಬರ್ ರಿಂಗುಗಳ ಮೇಲೆ. ಚೇಂಬರ್ ಇಳಿಸಿ, ರೇಡಿಯೇಟರ್ ಬಾಯಿಗೆ ಕೈಪಂಪು ಕಟ್ಟಿ ಕ್ಯಾಪಿನ ಪ್ರೆಶರ್‌ನಷ್ಟೇ ಕೊಟ್ಟು, ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಯಾವ ಲೈನರಿನಿಂದ ಹನಿ ಇಳಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ದಯವಿಟ್ಟು ಎಂಜಿನ್ ಓಡಿಸಲೇಬೇಡಿ, ಬೇರಿಂಗ್ ಹೋಗುತ್ತವೆ. ಫಿಲ್ಲರ್ ಕ್ಯಾಪಿನ ಅಡಿ ಒಂದಿಷ್ಟು ನೊರೆ ಕಂಡು, ಗೇಜ್ ಕಡ್ಡಿಯಲ್ಲಿ ಆಯಿಲ್ ಚೆನ್ನಾಗಿದ್ದರೆ ಅದು ಚಳಿಗೆ ಒಳಗಿನ ಆವಿ ಹನಿಯಾದ ಬೆವರೂ ಇರಬಹುದು.

ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಎಲ್ಲರೂ ಕಣ್ಣುಮುಚ್ಚಿ ಗ್ಯಾಸ್ಕೆಟ್ ಅನ್ನುತ್ತಾರೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ, ಗುಳ್ಳೆ ನಿಲ್ಲದೆ ಬಂದರೆ ಅದು ನಿಜವೂ ಇರಬಹುದು. ಆದರೆ ಏರ್ ಬ್ರೇಕಿನ ಕಂಪ್ರೆಸರನ್ನು ಮರೆಯಬೇಡಿ. ಬಹಳ ಲಾರಿಗಳಲ್ಲಿ ಅದರ ಹೆಡ್ಡಿಗೂ ಇದೇ ನೀರು ಹರಿಯುತ್ತದೆ. ಅದರ ಗ್ಯಾಸ್ಕೆಟ್ ಕಿತ್ತರೆ ಗಾಳಿ ಸೀದಾ ನೀರಿಗೆ ಬರುತ್ತದೆ. ಕಂಪ್ರೆಸರಿನ ಎರಡು ನೀರಿನ ಪೈಪನ್ನೂ ತೆಗೆದು, ಒಂದಕ್ಕೊಂದು ಜೋಡಿಸಿ, ನಾಲ್ಕು ನಿಮಿಷ ಮಾತ್ರ ಎಂಜಿನ್ ಓಡಿಸಿ ನೋಡಿ. ಗುಳ್ಳೆ ನಿಂತರೆ ಎಂಜಿನ್ ಹೆಡ್ ಬಚಾವು.

ಸೋರುವ ಜಾಗ ಸರಿಯಾದ ಮೇಲೂ ಕೆಲಸ ಉಳಿದಿರುತ್ತದೆ. ಆಯಿಲ್ ಕುಡಿದ ಹೋಸುಗಳು ಉಬ್ಬಿ ಮೆತ್ತಗಾಗಿರುತ್ತವೆ, ಹಿಸುಕಿ ನೋಡಿ ಬದಲಾಯಿಸಿ. ಒಳಗಿನ ಜಿಡ್ಡು ಹೋಗುವ ತನಕ ಎರಡು ಮೂರು ಸಲ ತೊಳೆಯಿರಿ. ಆಮೇಲೆ ಬೋರ್ ನೀರು ಬಿಟ್ಟು ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ಹಾಕಿ. ಒಂದು ವಾರ ಓಡಿಸಿದ ಮೇಲೆ ಇನ್ನೊಂದು ಬಾಟಲಿ ತುಂಬಿ ಹಳೆಯದರ ಪಕ್ಕ ಇಡಿ. ಮೇಲೆ ಪದರ ಇಲ್ಲದಿದ್ದರೆ ಲೋಡು ಹತ್ತಿಸಿ.