ನೀರ್‌ದೋಸೆ ತಿಂದ್ರೆ ಸರಿಯಾಗ್ತಿದ್ದ ಬ್ರೇಕು

ನನ್ನ ಗಾಡಿ 2004ರ ಪಲ್ಸರ್ 150. ಅಪ್ಪ ತಗೊಂಡಿದ್ದು. ಆಗ ಚಿಕ್ಕಮಗಳೂರಲ್ಲಿ ನಮ್ಮ ಬೀದೀಲಿ ಇದ್ದಿದ್ದೆಲ್ಲಾ ಆರ್‌ಎಕ್ಸ್ 100, ಸ್ಪ್ಲೆಂಡರ್, ಎಲ್ಲಕ್ಕೂ ಡ್ರಮ್ ಬ್ರೇಕೇ, ಹಂಗಾಗಿ ಇದರ ಮುಂದಿನ ಚಕ್ರದಲ್ಲಿ ಇರೋ ಡಿಸ್ಕ್ ಬ್ರೇಕಿನ ತೂತುತೂತಿನ ತಟ್ಟೆ ನೋಡಕ್ಕೆ ಅಂತಲೇ ಹುಡುಗ್ರು ಬರೋರು. ಈಗ ಅದೇ ತಟ್ಟೆ ನನಗೆ ಒಂದು ಮಳೆಗಾಲ ಪೂರ್ತಿ ನೀರು ಕುಡಿಸ್ತು.

ಶುರುವಾಗಿದ್ದು ಹೆಂಡ್ತಿ ತವರಿಗೆ ಅಂದ್ರೆ ಉಜಿರೆಗೆ ಹೋಗುವಾಗ. ಮೂಡಿಗೆರೆ ಪೇಟೆ ದಾಟೋವರೆಗೆ ಗಾಡಿ ಚೆನ್ನಾಗೇ ಇತ್ತು, ಆಮೇಲಾಮೇಲೆ ಯಾರೋ ಹಿಂದಿಂದ ಹಗ್ಗ ಕಟ್ಟಿ ಎಳೆದಂಗೆ, ಸಮ ರೋಡಲ್ಲೂ ಮೂರನೇ ಗೇರು ಬೇಕು. ಡಬಲ್ಸ್, ಜೊತೆಗೆ ಅತ್ತೆಗೆ ಅಂತ ಒಂದು ಚೀಲ ಕಾಫಿಪುಡಿ ಕಿತ್ತಳೆ ಎಲ್ಲಾ ಇತ್ತಲ್ಲ, ಭಾರಕ್ಕೆ ಅಂದ್ಕೊಂಡೆ. ಕೊಟ್ಟಿಗೆಹಾರದಲ್ಲಿ ನಿಲ್ಸಿ ನೀರ್‌ದೋಸೆ ತಿಂದು ಕಾಫಿ ಕುಡ್ದು ಹೊರಟ್ರೆ ಗಾಡಿ ಹೂವಿನಂಗೆ! ಮುಂದಿನ ಸಲಾನೂ ಅದೇ ಕತೆ. "ನಿಮ್ಮ ಗಾಡಿಗೂ ನಿಮ್ಮಂಗೇ ತಿಂಡಿ ಬೇಕು" ಅಂದ್ಲು ಹೆಂಡ್ತಿ.

ಮುಂದಿನ ಬ್ರೇಕ್ ಹಿಡ್ಕೊಳ್ತಿರಬಹುದು ಅಂತ ಒಂದು ಗ್ಯಾರೇಜಲ್ಲಿ ಡಿಸ್ಕನ್ನ ಒತ್ತಿ ಹಿಡಿಯೋ ಪ್ಯಾಡ್ ಬದಲಾಯಿಸಿದ್ರು. ಇನ್ನೊಂದ್ಕಡೆ ಆ ಪ್ಯಾಡ್ ಕೂರೋ ಕ್ಯಾಲಿಪರ್ ಬಿಚ್ಚಿ ಪಿನ್ನಿಗೆ ಗ್ರೀಸ್ ಹಾಕಿ ಕೊಟ್ರು. ಎರಡೂ ಕಡೆ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ "ನೋಡಿ ಸಾರ್, ಫ್ರೀ ಇದೆ" ಅಂತ ತೋರಿಸಿದ್ರು. ಫ್ರೀ ಇತ್ತು ನಿಜ. ನಾನು ಹೋಗಿ, ಅವರು ಬೇರೆ ಗಾಡಿ ಮುಗಿಸಿ, ನನ್ನದಕ್ಕೆ ಕೈ ಹಾಕೋ ಹೊತ್ತಿಗೆ ಒಂದು ಗಂಟೆ ಆಗಿರ್ತಿತ್ತು, ಎಲ್ಲಾ ತಣ್ಣಗಾಗಿ ಕೂತಿರ್ತಿತ್ತು. ಜ್ವರ ಇಳಿದ್ಮೇಲೆ ಡಾಕ್ಟ್ರ ಹತ್ರ ಹೋದಂಗೆ.

ಮೂರನೇ ಸಲ ಜುಲೈ, ಚಾರ್ಮಾಡಿ ಘಾಟಿ, ಜಡಿಮಳೆ. ಅವತ್ತು ದೋಸೆಗೆ ನಿಲ್ಸಿರಲಿಲ್ಲ. ಇಳಿಜಾರು ಶುರುವಾಗಿ ಎರಡು ತಿರುವು ಆಗಿರಬೇಕು ಅಷ್ಟೆ, ಮುಂದಿನ ಬ್ರೇಕ್ ಲಿವರ್ ಕಲ್ಲಾಗೋಯ್ತು, ನಾನು ಬಿಟ್ರೂ ಬ್ರೇಕ್ ಹಿಡ್ಕೊಂಡೇ ಇದೆ, ಇಳಿಜಾರಲ್ಲೂ ಗಾಡಿ ತಾನಾಗೇ ಹೋಗ್ತಿಲ್ಲ, ಸುಟ್ಟ ವಾಸನೆ ಬೇರೆ. ಒಂದು ಸಣ್ಣ ಜಲಪಾತದ ಪಕ್ಕ ನಿಲ್ಸಿ ನೋಡಿದ್ರೆ ಡಿಸ್ಕ್ ಮೇಲೆ ಮಳೆಹನಿ ಬಿದ್ದು ದೋಸೆ ಹಂಚಿನ ಮೇಲೆ ನೀರು ಚಿಮುಕಿಸಿದಂಗೆ ಚುಂಯ್ ಚುಂಯ್ ಅಂತಿದೆ.

ಹಿಂದಿಂದ ಬಂದ ಪಿಕಪ್ ಡ್ರೈವರ್ ಒಬ್ರು, ಐವತ್ತರ ಮೇಲೆ ವಯಸ್ಸು, ನಿಲ್ಸಿ "ಎಂತ ಆಯ್ತು ಮಾರಾಯ?" ಅಂದ್ರು. ಹೇಳಿದೆ. ಅವರು ಗಾಡಿಯಿಂದ ಎಂಟನೇ ನಂಬರ್ ಸ್ಪ್ಯಾನರ್ ತಂದು, ಕ್ಯಾಲಿಪರ್ ಮೇಲಿರೋ, ಆಯಿಲ್ ಹೊರಗೆ ಬಿಡೋ ನಿಪ್ಪಲ್ಲನ್ನ ಒಂದು ಚೂರು ಸಡಿಲ ಮಾಡಿದ್ರು. ಚಿರ್ರ್ ಅಂತ ಬ್ರೇಕ್ ಆಯಿಲ್ ಹಾರ್ತು, ಚಕ್ರ ಆ ಕ್ಷಣಕ್ಕೇ ಬಿಡ್ತು! ತಕ್ಷಣ ನಿಪ್ಪಲ್ ಟೈಟ್ ಮಾಡಿ ಅವರು ಹೇಳಿದ್ದು ಇಷ್ಟೇ: "ನಿಪ್ಪಲ್ ಬಿಚ್ಚಿದ್ರೂ ಚಕ್ರ ಬಿಡದೇ ಇದ್ರೆ ಕೆಳಗೆ ಪ್ಯಾಡ್ ತಳ್ಳೋ ಪಿಸ್ಟನ್ ಜಾಮ್ ಆಗಿದೆ ಅಂತ. ಬಿಚ್ಚಿದ ತಕ್ಷಣ ಬಿಡ್ತು ಅಂದ್ರೆ ಕೆಳಗೆ ಏನೂ ಇಲ್ಲ, ಮೇಲೆ ಹೋಗಿ ಹುಡುಕು." ಎರಡು ಗ್ಯಾರೇಜು ಮತ್ತೆ ನಾನು ಸೇರಿ ಮೂರು ತಿಂಗಳು ಕೆಳಗೇ ಕೆದಕ್ತಾ ಇದ್ವಿ. ಅವತ್ತು ಹೆಂಡ್ತಿನ ಕೊಟ್ಟಿಗೆಹಾರಕ್ಕೆ ವಾಪಸ್ ಕರ್ಕೊಂಡು ಬಂದು ಬಸ್ ಹತ್ತಿಸಿ, ಮುಂದಿನ ಬ್ರೇಕ್ ಮುಟ್ಟದೇ ಗೇರಲ್ಲೇ ನಿಧಾನಕ್ಕೆ ಮನೆ ಸೇರ್ಕೊಂಡೆ.

ಮೇಲೆ ಅಂದ್ರೆ ಹ್ಯಾಂಡಲ್ ಹತ್ರ ಇರೋ, ಲಿವರ್ ಒತ್ತಿದಾಗ ಆಯಿಲನ್ನ ಕೆಳಗೆ ತಳ್ಳೋ ಮಾಸ್ಟರ್ ಸಿಲಿಂಡರ್. ಅದರ ಪುಟ್ಟ ಆಯಿಲ್ ಡಬ್ಬಿಯ ತಳದಲ್ಲಿ ಎರಡು ತೂತು ಇರುತ್ತೆ, ಒಂದು ಕಣ್ಣಿಗೆ ಕಾಣುತ್ತೆ, ಇನ್ನೊಂದು ಸೂಜಿ ಮೊನೆಗಿಂತ ಸಣ್ಣದು. ಲಿವರ್ ಬಿಟ್ಟಾಗ ಪೈಪಲ್ಲಿ ಉಳಿದ ಒತ್ತಡ ಡಬ್ಬಿಗೆ ವಾಪಸ್ ಬರೋದು ಆ ಸಣ್ಣ ತೂತಿಂದ. ಅದು ಕಟ್ಟಿಕೊಂಡ್ರೆ ಒತ್ತಡ ಅಲ್ಲೇ ಕೂರುತ್ತೆ, ಪ್ಯಾಡ್ ಡಿಸ್ಕಿಗೆ ಉಜ್ತಾನೇ ಇರುತ್ತೆ, ಉಜ್ಜಿ ಬಿಸಿಯಾಗುತ್ತೆ, ಬಿಸಿಗೆ ಆಯಿಲ್ ಹಿಗ್ಗುತ್ತೆ, ಹಿಗ್ಗಿದ್ದಕ್ಕೆ ಹೋಗಕ್ಕೆ ಜಾಗ ಇಲ್ಲ, ಇನ್ನೂ ಜೋರಾಗಿ ಹಿಡಿಯುತ್ತೆ. ತಣ್ಣಗಾದ್ರೆ ಆಯಿಲ್ ಕುಗ್ಗಿ ಎಲ್ಲಾ ಸರಿ. ನೀರ್‌ದೋಸೆ ಮಹಿಮೆ ಇದೇ.

ಭಾನುವಾರ ಕೂತೆ. ಮೊದಲ ಯುದ್ಧ ಡಬ್ಬಿ ಮುಚ್ಚಳದ ಎರಡು ಸ್ಟಾರ್ ಸ್ಕ್ರೂ ಜೊತೆ. ಇಪ್ಪತ್ತು ವರ್ಷದ ತುಕ್ಕು, ಸೀದಾ ತಿರುಗಿಸಿದ್ರೆ ತಲೆ ಸವೆದು ಹೋಗುತ್ತೆ. ಸರಿಯಾದ ಸೈಜಿನ ಸ್ಕ್ರೂಡ್ರೈವರ್ ಇಟ್ಟು ಹಿಂದಿಂದ ಸುತ್ತಿಗೇಲಿ ನಾಲ್ಕು ಏಟು ಹಾಕಿ ಆಮೇಲೆ ತಿರುಗಿಸಬೇಕು. ಇದು ನನಗೆ ಗೊತ್ತಾಗಿದ್ದು ಒಂದು ಸ್ಕ್ರೂ ತಲೆ ಸವೆದ ಮೇಲೆ.

ಒಳಗೆ ನೋಡಿದ್ರೆ ಹೊಟ್ಟೆ ತೊಳೆಸ್ತು. ಹೊಸ ಬ್ರೇಕ್ ಆಯಿಲ್ ತಿಳಿಜೇನಿನ ಬಣ್ಣ ಇರುತ್ತೆ, ನನ್ನದು ಬೆಲ್ಲದ ಕಾಫಿ, ತಳದಲ್ಲಿ ಕಾಫಿ ಚರಟದಂಗೆ ಕೆಸರು. ಕಮ್ಮಿಯಾದಾಗ ಮೇಲೆ ಸುರೀತಿದ್ವಿ ಹೊರತು ಪೂರ್ತಿ ಬದಲಾಯಿಸಿದ್ದು ಯಾವಾಗ ಅಂತ ಅಪ್ಪಂಗೂ ನೆನಪಿಲ್ಲ, ನಂಗೂ ಇಲ್ಲ. ಹಂಗಾಗಿ ಗಾಡಿದು ತಪ್ಪಲ್ಲ. ಈ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ನಮ್ಮ ಕಡೆ ತೇವಕ್ಕೇನು ಬರ. ಡಾಟ್ 3 ಅನ್ನೋ ದರ್ಜೆಯ ಹೊಸ ಆಯಿಲ್ ಕುದಿಯಕ್ಕೆ ಕನಿಷ್ಠ 205 ಡಿಗ್ರಿ ಬೇಕು, ತೇವ ಸೇರಿದ್ಮೇಲೆ ಅದು 140ಕ್ಕೆ ಇಳಿಯಬಹುದು. ಡಾಟ್ 4 ಆದ್ರೆ 230, 155. ಘಾಟಿ ಇಳಿಯುವಾಗ ಆಯಿಲ್ ಕುದ್ದು ಗುಳ್ಳೆ ಬಂದ್ರೆ ಲಿವರ್ ಹ್ಯಾಂಡಲ್‌ಗೇ ಅಂಟುತ್ತೆ, ಬ್ರೇಕೇ ಇರಲ್ಲ. ನಂದು ಹಿಡ್ಕೊಂಡಿದ್ದೇ ಪುಣ್ಯ ಅನ್ಸುತ್ತೆ ಒಂದೊಂದ್ಸಲ.

ಸಣ್ಣ ತೂತಿಗೆ ಪಿನ್ನು ಹೋಗಲ್ಲ. ಹಳೇ ಆಕ್ಸಿಲರೇಟರ್ ಕೇಬಲ್ ಕತ್ತರಿಸಿ ಅದರಿಂದ ಒಂದೇ ಒಂದು ಎಳೆ ಬಿಡಿಸಿ, ಮೆಲ್ಲಗೆ ಆಡಿಸ್ತಾ ಒಳಗೆ ತೂರಿಸಿದೆ. ಪೆಟ್ರೋಲ್ ಹಾಕಿ ತೊಳೆಯೋಣ ಅಂತ ಕೈ ಹೋಗಿತ್ತು, ಹಾಕಬಾರದು, ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತೆ. ಹೊಸ ಬ್ರೇಕ್ ಆಯಿಲಲ್ಲೇ ತೊಳೆದೆ. ಹೆಂಗೂ ಬಿಚ್ಚಿದ್ದೀನಿ ಅಂತ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಿಟ್ಟೂ ಬದಲಾಯಿಸಿದೆ. ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹಾಕಿ ಕೂತ್ಕೊಳ್ಳಿ, ಈ ಆಯಿಲ್ ಒಂದು ಹನಿ ಬಿದ್ರೂ ಪೇಂಟ್ ಎದ್ದು ಬರುತ್ತೆ, ಬಿದ್ರೆ ಒರೆಸ್ಬೇಡಿ, ನೀರು ಸುರೀರಿ.

ಪೈಪಲ್ಲಿ ಸೇರ್ಕೊಂಡಿರೋ ಏರ್ ತೆಗೆಯಕ್ಕೆ ಇಬ್ರು ಬೇಕು. ಅಕ್ಕನ ಮಗ ಸಿಕ್ಕಿದ. ನಿಪ್ಪಲ್ಲಿಗೆ ಸಣ್ಣ ಪೈಪ್ ಸಿಕ್ಕಿಸಿ ಅದರ ತುದಿ ಬಾಟಲಲ್ಲಿ ಆಯಿಲ್ ಒಳಗೆ ಮುಳುಗಿಸಿ, "ಒತ್ತು, ಹಿಡ್ಕೋ", ನಾನು ನಿಪ್ಪಲ್ ಸಡಿಲ ಮಾಡಿ ಟೈಟ್ ಮಾಡಿದ್ಮೇಲೆ "ಈಗ ಬಿಡು". ನಾನು ಟೈಟ್ ಮಾಡೋಕ್ಕಿಂತ ಮೊದಲೇ ಅವನು ಲಿವರ್ ಬಿಟ್ರೆ ಗಾಳಿ ವಾಪಸ್ ಒಳಗೆ. ಅವನ ಒಂದು ಕಣ್ಣು ಮೊಬೈಲ್ ಮೇಲೆ, ಐದು ಸಲ ಹಂಗೇ ಆಯ್ತು. "ಮಾವ, ಇದಕ್ಕಿಂತ ಬಸ್ಸಲ್ಲಿ ಹೋಗಬಹುದಲ್ಲ" ಅಂದ. ಮಧ್ಯೆ ಡಬ್ಬಿ ಖಾಲಿಯಾಗದಂಗೆ ಸುರೀತಾ ಇರಬೇಕು, ಅದನ್ನೂ ಒಂದ್ಸಲ ಮರೆತೆ, ಮತ್ತೆ ಮೊದಲಿಂದ. ಕೊನೆಗೆ ಪೈಪಲ್ಲಿ ಗುಳ್ಳೆ ನಿಂತು ತಿಳಿಯಾದ ಆಯಿಲ್ ಬಂತು, ಲಿವರ್ ಗಟ್ಟಿಯಾಯ್ತು, ಬಿಟ್ರೆ ಚಕ್ರ ಸಲೀಸಾಗಿ ತಿರುಗ್ತು.

ಬೀದೀಲಿ ಹತ್ತು ಸಲ ನಿಧಾನಕ್ಕೆ ಹಿಡಿದು ಬಿಟ್ಟು ನೋಡಿ, ಆಮೇಲೆ ಕೈಮರದವರೆಗೆ ಹೋಗಿ ಬಂದೆ. ಇಳಿದು ಡಿಸ್ಕ್ ಮೇಲೆ ನೀರು ಚಿಮುಕಿಸಿದೆ, ಸದ್ದಿಲ್ಲ. ಹೋದ ವಾರ ಉಜಿರೆಗೂ ಹೋಗಿ ಬಂದ್ವಿ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದ್ದಕ್ಕೆ "ಈಗ ಗಾಡಿ ಸರಿ ಇದೆಯಲ್ಲ, ಯಾಕೆ ನಿಲ್ಸಿದ್ರಿ?" ಅಂದ್ಲು ಹೆಂಡ್ತಿ, ಅನ್ನುತ್ತಲೇ ಎರಡು ಪ್ಲೇಟ್ ಹೇಳಿದ್ಲು.