ಮಗು ಪಾರಾದ ಮೇಲೆ ತಾಯಿಯ ಮಾತ್ರೆ

ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕಿಯಾಗಿ ಕಾರವಾರ, ಅಂಕೋಲಾ, ಕುಮಟಾ ಕಡೆಯ ಎಚ್‌ಐವಿ ಸೋಂಕಿತರ ಜೊತೆ ಕೆಲಸ ಮಾಡುತ್ತೇನೆ. ಮಾತ್ರೆ ತಪ್ಪದಂತೆ ನೋಡಿಕೊಳ್ಳುವ ಶಕ್ತಿ ನಮ್ಮ ಉಪದೇಶಕ್ಕಿಂತ ಮಕ್ಕಳ ಮೇಲಿನ ಆಸೆಗೆ ಹೆಚ್ಚು. ಆದರೆ ಆ ಆಸೆ ಈಡೇರಿದ ದಿನವೇ ಅಪಾಯವೂ ಶುರುವಾಗುತ್ತದೆ.

ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 15ರಿಂದ 45, ಚಿಕಿತ್ಸೆ ಸರಿಯಾಗಿ ನಡೆದರೆ ಶೇ. 5ಕ್ಕಿಂತ ಕಡಿಮೆ. ಇದು ತಿಳಿದ ಗರ್ಭಿಣಿಯರು ದಿನಕ್ಕೊಂದು ಮಾತ್ರೆಯನ್ನು ವ್ರತದಂತೆ ನಡೆಸುತ್ತಾರೆ. ಒಬ್ಬ ತಾಯಿ ಮಾತ್ರೆ ಡಬ್ಬಿಯ ಚೀಟಿ ಕಿತ್ತು, ಅಲುಗಾಡಿದರೆ ಸದ್ದಾಗದಂತೆ ಒಳಗೆ ಹತ್ತಿ ತುರುಕಿ, ಕುಚ್ಚಲಕ್ಕಿಯಲ್ಲಿ ಹುಗಿದಿಡುತ್ತಿದ್ದರು. ಅತ್ತೆಗೆ ಗೊತ್ತಾಗಬಾರದು, ಮಾತ್ರೆಯೂ ತಪ್ಪಬಾರದು. ಹೆರಿಗೆಯ ನಂತರ ಮಗುವಿನ ಸಿರಪ್, ಆರು ವಾರದ ರಕ್ತಪರೀಕ್ಷೆ, ಆಮೇಲಿನವು ಯಾವುದನ್ನೂ ಬಿಡಲಿಲ್ಲ. 18 ತಿಂಗಳ ಪರೀಕ್ಷೆಯಲ್ಲಿ ಮಗುವಿಗೆ ಸೋಂಕಿಲ್ಲವೆಂದು ಖಚಿತವಾಯಿತು. ಮುಂದಿನ ತಿಂಗಳು ಅವರು ಮಾತ್ರೆಗೆ ಬರಲಿಲ್ಲ. ಫೋನ್ ಮಾಡಿದರೆ, "ಮಗು ಪಾರಾಯಿತಲ್ಲ ಮೇಡಂ, ಇನ್ನು ನನ್ನದೇನು?" ಎಂದರು.

ಮಗುವನ್ನು ತಬ್ಬಲಿ ಮಾಡುತ್ತೀರಾ ಎಂದು ಇಂಥವರನ್ನು ಗದರಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಹೆದರಿದವರು ಕೇಂದ್ರದ ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾರೆ. "ಅಂಗನವಾಡಿಗೆ ಯಾವಾಗ ಸೇರಿಸುತ್ತೀರಿ? ದಿನಾ ಯಾರು ಕರೆದುಕೊಂಡು ಹೋಗುತ್ತಾರೆ?" ಎಂದು ಕೇಳಿದೆ. ಗಂಡ ಬೋಟಿನ ಮೇಲೆ, ಅತ್ತೆಗೆ ಮೊಣಕಾಲು ನೋವು. "ನಾನೇ ಹೋಗಬೇಕಲ್ಲ" ಎಂದರು. ಮಾತ್ರೆ ನಿಂತರೆ ವೈರಸ್ ಮತ್ತೆ ಹೆಚ್ಚುತ್ತದೆ, ಕ್ಷಯದಂಥ ಕಾಯಿಲೆಗೆ ದಾರಿಯಾಗುತ್ತದೆ ಎಂಬುದನ್ನು ಆ ಮಾತಿಗೆ ಜೋಡಿಸಿ ಹೇಳಿದೆ. ಆ ವಾರವೇ ಬಂದರು.

ಈಗ ಮಗುವಿನ ಕೊನೆಯ ವರದಿ ಕೊಡುವಾಗಲೇ ತಾಯಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ಮುಂದಿನ ವೈರಲ್ ಲೋಡ್ ಪರೀಕ್ಷೆಯ ಮಾತೆತ್ತುತ್ತೇನೆ. ಅಲ್ಲಿಯವರೆಗಿನ ಮಾತೆಲ್ಲ ಮಗುವಿನ ಸುತ್ತಲೇ ಇದ್ದಾಗ, ತನ್ನ ಪಾಲಿನ ಚಿಕಿತ್ಸೆ ಮುಗಿಯಿತೆಂದು ತಾಯಿಗೆ ಅನ್ನಿಸುವುದು ಸಹಜ.

ಅಪ್ಪಂದಿರ ಕಷ್ಟ ಬೇರೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಮನೆಯಲ್ಲೇ ಇರುತ್ತಾರೆ, ಮಾತ್ರೆ ತಪ್ಪುವುದಿಲ್ಲ. ಆಗಸ್ಟ್‌ನಲ್ಲಿ ಬೋಟ್ ಕಡಲಿಗಿಳಿದರೆ ಹೊತ್ತುಗೊತ್ತು ಕೆಡುತ್ತದೆ. ಮಕ್ಕಳು ರಾತ್ರಿ ಊಟಕ್ಕೆ ಕೂರುವ ಹೊತ್ತಿಗೇ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ ಎನ್ನುತ್ತೇನೆ. ನೆಟ್‌ವರ್ಕ್ ಇಲ್ಲದಿದ್ದರೂ ಅದು ಹೊಡೆಯುತ್ತದೆ.