ಹಿನ್ನೀರಿನ ಮನೆಗೆ ಮೂರು ಸಲ

ಬೀಳಗಿ ತಾಲ್ಲೂಕಿನಲ್ಲಿ ನಮ್ಮ ಭಾವನ ಹೊಲದ ತುದಿಗೆ ಎರಡು ಖೋಲಿಯ ತಗಡಿನ ಮನೆ ಇದೆ. ಮುಂದೆ ನಾಲ್ಕು ಬೇವಿನ ಗಿಡ, ಆಚೆ ಆಲಮಟ್ಟಿ ಹಿನ್ನೀರು. ವಿಜಯಪುರದಿಂದ ನಾವು ಮಕ್ಕಳು, ಅತ್ತೆ ಸಮೇತ ವರ್ಷಕ್ಕೆ ಮೂರು ಸಲ ಅಲ್ಲಿಗೆ ಹೋಗುತ್ತೇವೆ. ದಾರಿಯಲ್ಲಿ ಕೊಲ್ಹಾರದಲ್ಲಿ ನಿಂತು ಗಡಿಗೆ ಮೊಸರು ಕೊಳ್ಳಲೇಬೇಕು. ಪ್ಯಾಕೆಟ್ ಮೊಸರು ತಿನ್ನುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಆಮೇಲೆ ಕೃಷ್ಣೆಯ ಮೇಲೆ ಎಷ್ಟು ಹೋದರೂ ಮುಗಿಯದ ಉದ್ದನೆಯ ಸೇತುವೆ.

ಮಳೆಗಾಲದಲ್ಲಿ ನೀರು ಬೇವಿನ ಗಿಡದ ಹತ್ತಿರಕ್ಕೇ ಬರುತ್ತದೆ. ಭಾವ ದಿನಾ ಮೊಬೈಲಿನಲ್ಲಿ ಡ್ಯಾಮಿನ ಮಟ್ಟ ನೋಡುತ್ತಾರೆ. 519.60 ಮೀಟರ್ ಮುಟ್ಟಿದರೆ ತುಂಬಿದ ಹಾಗೆ. ಅದನ್ನು 524ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಏರಿದರೆ ಈ ಮನೆಯೂ ಮುಳುಗಡೆ. ತಗಡು ತೆಗೆದು ಸ್ಲ್ಯಾಬ್ ಹಾಕಿಸಿ ಎಂದರೆ ಭಾವ ಸುಮ್ನೆ ನಗುತ್ತಾರೆ. ಅತ್ತೆ ಮಾತ್ರ ಪಡಸಾಲೆಯಲ್ಲಿ ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಗಾಳಿ ಜಾಸ್ತಿ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ.

ಚಳಿಗಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿ ಮಕ್ಕಳು ಕುಣಿದರು. ಅವು ತನ್ನ ಕಡಲೆ ಮೇಯುತ್ತವೆ ಎಂದು ಭಾವ ಬೈದರು. ಎರಡು ದಿನ ಮುಗಿಯಿತು.

ಬೇಸಿಗೆಯದೇ ಬೇರೆ. ನೀರು ಅರ್ಧ ಮೈಲಿ ಹಿಂದೆ ಸರಿದಿತ್ತು. ರಾಜಹಂಸಗಳನ್ನು ಹತ್ತಿರದಿಂದ ತೋರಿಸುತ್ತೇನೆ ಎಂದು ನಮ್ಮ ಯಜಮಾನರು ಕಾರನ್ನು ಕೆಳಗೇ ಇಳಿಸಿದರು. ಎರೆ ಮಣ್ಣು ಮೇಲೆ ಹಪ್ಪಳದಂತೆ ಒಣಗಿರುತ್ತದೆ, ಒಳಗೆ ನಾದಿದ ಹಿಟ್ಟು. ಚಕ್ರ ಅರ್ಧ ಹೂತು ಹೋಯಿತು. ಟ್ರ್ಯಾಕ್ಟರ್‌ನವನು ಎಂಟುನೂರು ಎಣಿಸಿಕೊಂಡ, ಮೇಲೆ ಬುದ್ಧಿವಾದ ಬೇರೆ. ದಯವಿಟ್ಟು ಗಾಡಿ ಡಾಂಬರಿನ ಮೇಲೇ ಬಿಡಿ. ಹಕ್ಕಿಗಳು ಅಷ್ಟರಲ್ಲಿ ಹಾರಿಯೇ ಹೋಗಿದ್ದವು.

ಟ್ರ್ಯಾಕ್ಟರ್ ಕಾಯುತ್ತಾ ನಿಂತಾಗ ನೋಡಿದರೆ ಅತ್ತೆ ಇಲ್ಲ. ದೂರದಲ್ಲಿ ಕಲ್ಲಿನ ಸಾಲುಗಳ ನಡುವೆ ಒಬ್ಬರೇ ಸರಸರ ನಡೆಯುತ್ತಿದ್ದರು. ಮೊಣಕಾಲು ನೋವು ಎನ್ನುವ ಅತ್ತೆ! ಓಡಿ ಹೋಗಿ ಸೇರಿಕೊಂಡೆ.

"ಇದು ಗೌಡ್ರ ಓಣಿ. ಇಲ್ಲಿ ಹುಣಸಿಗಿಡ ಇತ್ತು," ಎಂದರು. ನನಗೆ ಕಂಡದ್ದು ರಾಡಿ ಮೆತ್ತಿದ ಕಲ್ಲು ಮಾತ್ರ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಡ್ಯಾಮಿಗೆ ಅಡಿಗಲ್ಲು ಹಾಕಿದಾಗ ಅತ್ತೆ ಲಂಗದ ಹುಡುಗಿ. ಈ ಊರು ಬಿಡುವಾಗ ಎದೆಯೆತ್ತರದ ಮಕ್ಕಳ ತಾಯಿ. ಒಂದು ಕಡೆ ನಿಂತು, "ಇದು ನಮ್ಮ ಮನಿ," ಎಂದರು.

"ಹೆಂಗ ಗೊತ್ತಾತು?"

"ಇಲ್ಲಿ ನಿಂತ್ರ ಆ ಗುಡ್ಡದ ಮೂಗು ಸೀದಾ ಕಾಣಬೇಕು. ದಿನಾ ಅಂಗಳಾ ಸಾರಿಸುವಾಗ ನೋಡತಿದ್ದೆ."

ಕುಕ್ಕರಗಾಲಲ್ಲಿ ಕೂತು ಕೈಯಿಂದ ಮಣ್ಣು ಬಗೆಯತೊಡಗಿದರು. ದುಂಡನೆಯ ಕಲ್ಲಿನ ಅಂಚು ಕಂಡಿತು. ಒಳ್ಳು, ಕುಟ್ಟುವ ಒರಳುಕಲ್ಲು. "ತೊಲಿ, ಬಾಗಿಲಾ, ಜಂತಿ ಎಲ್ಲಾ ಬಿಚ್ಚಿಕೊಂಡು ಪುನರ್ವಸತಿಗೆ ಹೋದಿವಿ. ಇದು ನೆಲದಾಗ ಹುಗದಿತ್ತು, ಬರಲಿಲ್ಲ."

ಹಿಂದೆಯೇ ಬಂದ ಸಣ್ಣ ಮಗ, "ಅಜ್ಜಿ, ನಿಮ್ಮ ಅಡಗಿಮನ್ಯಾಗ ಈಗ ಮೀನಾ ಇರ್ತಾವೇನು?" ಎಂದ. ನನಗೆ ಎದೆ ಧಸಕ್ಕೆಂದಿತು. ಅತ್ತೆ ನಕ್ಕರು.

"ಹೂಂ. ಬಾಡಿಗಿ ಕೊಡಂಗಿಲ್ಲ ನೋಡ ಅವು."

"ಮಳಿಗಾಲದಾಗ ಈ ಕಡೆ ನೋಡೂದೇ ಇಲ್ಲಲ್ಲ ನೀವು," ಎಂದೆ. ಕೇಳಬಾರದಿತ್ತೇನೋ.

"ತುಂಬಿದ ನೀರಾಗ ಏನ್ ನೋಡೂದವ್ವಾ? ಗುಡ್ಡಾ ಕಾಣತೈತಿ, ಮನಿ ಕಾಣೂದಿಲ್ಲ."

ಮರುದಿನ ಬೆಳಗ್ಗೆ ಏಳುವಷ್ಟರಲ್ಲಿ ಅತ್ತೆ, ಹುರಿದ ಶೇಂಗಾ, ಖಾರ, ಬಳ್ಳೊಳ್ಳಿ, ಒಂದು ಕೊಡ ನೀರು, ಭಾವನ ಗುದ್ದಲಿಯ ಹಿಡಿಕೆ ಎಲ್ಲಾ ಮಾಯ. ಒಂಬತ್ತಕ್ಕೆ ಡಬ್ಬಿ ಹಿಡಿದು ವಾಪಸ್ ಬಂದರು. ರೊಟ್ಟಿ, ಕೊಲ್ಹಾರದ ಮೊಸರು, ಆ ಚಟ್ನಿ. ಹಲ್ಲಿಗೆ ಮರಳು ಸಿಗುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅತ್ತೆಯೇ ಒಂದು ತುತ್ತು ತಿಂದು, "ಉಪ್ಪ ಕಮ್ಮಿ ಆಗೇತಿ," ಎಂದರು.